ಝುಣಕದ ವಡಿ ಟಾರ್ಟ್ ಆದದ್ದು

ಹೋದ ವಾರ ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯ ಬೇಕರಿಯವರೊಬ್ಬರು, ಉಡುಪಿ ಕಡೆಯವರು, ಮನೆಗೇ ಬಂದು 40 ಟಾರ್ಟ್ ಶೆಲ್ ಕಟ್ಟಿಸಿಕೊಂಡು ಹೋದರು. ಶೆಲ್ ಅಂದರೆ ಹೂರಣ ತುಂಬಲು ಗರಿಗರಿಯಾಗಿ ಬೇಯಿಸಿದ ಹಿಟ್ಟಿನ ಬಟ್ಟಲು. ಎರಡು ವರ್ಷದ ಹಿಂದೆ ಇದೇ ಮನುಷ್ಯ, "ಬೆಣ್ಣೆ ಇಲ್ಲದೆ ಟಾರ್ಟ್ ಆಗುದುಂಟಾ ಅಕ್ಕ? ಬಿಸ್ಕೀಟು ಆದೀತು" ಅಂತ ನಕ್ಕಿದ್ದರು. ಅದು ಇನ್ನೂ ಕಿವಿಯಲ್ಲೇ ಇದೆ, ಅದಕ್ಕೇ ಬರೆಯಲು ಕೂತೆ.

ಶುರುವಾದದ್ದು ಮಗಳಿಂದ. ಪವಯಿಯ ಅವಳ ಆಫೀಸಿನಲ್ಲಿ ಮೂರ್ನಾಲ್ಕು ಜನ ವೀಗನ್. "ಮಮ್ಮಿ, ಕೀಶ್ ಥರದ್ದು ಏನಾದ್ರೂ ಮಾಡಿಕೊಡು, ಹಾಲು, ಮೊಟ್ಟೆ ಏನೂ ಇರಬಾರದು" ಅಂದಳು. ಕೀಶ್ ಅಂದರೆ ಮೊಟ್ಟೆ, ಹಾಲಿನ ಹೂರಣ ತುಂಬಿದ ಖಾರದ ಟಾರ್ಟ್. ಹೂಂ ಅಂದೆ. ಮೊದಲೇ ಮೊಟ್ಟೆ ಇಲ್ಲದ ಮನೆ ನಮ್ಮದು, ಕೇಕ್ ಆರ್ಡರ್ ತೆಗೆದುಕೊಂಡು ಏಳೆಂಟು ವರ್ಷದ ರೂಢಿ. ಇನ್ನು ಬೆಣ್ಣೆ ಬಿಟ್ಟರೆ ಮುಗಿಯಿತಲ್ಲ ಅಂದುಕೊಂಡೆ. ಎಲ್ಲಿ ಮುಗಿಯುತ್ತದೆ!

ಮೊದಲು ಬೆಣ್ಣೆಯ ಬದಲಿಗೆ ಬಳಸುವ ಮಾರ್ಗರೀನ್ ತಂದೆ. ಹಸಿರು ಚುಕ್ಕೆ ನೋಡಿ ತಂದದ್ದು, ಮನೆಗೆ ಬಂದು ಡಬ್ಬಿಯ ಹಿಂದೆ ಓದಿದರೆ ಹಾಲಿನ ಪುಡಿ ಇತ್ತು. ಹಸಿರು ಚುಕ್ಕೆ ಸಸ್ಯಾಹಾರಕ್ಕೆ, ವೀಗನ್‌ಗಲ್ಲ. ಆಮೇಲೆ ಕೊಬ್ಬರಿ ಎಣ್ಣೆ. ಪುಸ್ತಕದವರೆಲ್ಲ ಅದನ್ನೇ ಹೇಳುತ್ತಾರೆ. ಆದರೆ ಕೊಬ್ಬರಿ ಎಣ್ಣೆ ಕರಗುವುದು 24-25 ಡಿಗ್ರಿಗೆ, ಮೇ ತಿಂಗಳಲ್ಲಿ ನಮ್ಮ ಅಡುಗೆಮನೆ 34ಕ್ಕೆ ಕಡಿಮೆ ಇರುವುದಿಲ್ಲ. ಫ್ರಿಜ್‌ನಲ್ಲಿಟ್ಟರೆ ಕಲ್ಲು, ಹೊರಗೆ ತೆಗೆದರೆ ಐದು ನಿಮಿಷಕ್ಕೆ ನೀರು. ಬೆಳಿಗ್ಗೆ ಐದಕ್ಕೆದ್ದು, ಪರಾತದ ಕೆಳಗೆ ಐಸ್ ಇಟ್ಟುಕೊಂಡು ಕಲಸಿದೆ. ಆದರೂ ಓವನ್‌ಗೆ ಹೋದ ಕೂಡಲೇ ಅಂಚೆಲ್ಲ ಜಾರಿ ತಳದಲ್ಲಿ ಕೂತುಬಿಟ್ಟಿತು, ಬಟ್ಟಲು ಹೋಗಿ ತಟ್ಟೆಯಾಯಿತು. ಹಾಗೆ ಆರೇಳು ಸಲ.

ಒಳಗಿನ ಹೂರಣದ ಕಥೆ ಇನ್ನೂ ದುಬಾರಿ. ಟೋಫು, ಅಂದರೆ ಸೋಯಾ ಪನೀರ್, ಅರೆದು ಹಾಕಿದರೆ ನೀರು ಬಿಟ್ಟು ತಳವೆಲ್ಲ ಮೆತ್ತಗೆ. ಗೋಡಂಬಿ ನೆನೆಸಿ ಅರೆದೆ, ರುಚಿಗೇನೂ ಕೊರತೆಯಿಲ್ಲ, ಆದರೆ ಒಂದು ಟಾರ್ಟಿಗೆ ಗೋಡಂಬಿಯೇ ಇನ್ನೂರು ರೂಪಾಯಿ ತಿಂದರೆ ಮಾರುವುದು ಎಷ್ಟಕ್ಕೆ? ಕೊನೆಗೆ ಕಡಲೆಹಿಟ್ಟು ನೀರಲ್ಲಿ ಕದಡಿ ಹಸಿಯಾಗಿಯೇ ಸುರಿದು ಬೇಯಿಸಿದೆ. ಮೇಲೆಲ್ಲ ಬಿರುಕು, ನಡುವೆ ಹಸಿ ವಾಸನೆ. ಆ ಹೊತ್ತಿಗೇ ಹನ್ನೆರಡು ಟಾರ್ಟಿನ ಆರ್ಡರ್ ಒಪ್ಪಿಕೊಂಡಿದ್ದೆ, ನನ್ನ ಬುದ್ಧಿ ನೋಡಿ. ಮಳೆಗಾಲ ಬೇರೆ. ಆರ್ಡರ್ ಕೊಟ್ಟವರು ಕತ್ತರಿಸುವ ಹೊತ್ತಿಗೆ ತಳ ನೆಂದು ಕೈಗೇ ಬರಲಿಲ್ಲವಂತೆ. ಮುಂಗಡ 2,000 ವಾಪಸ್ ಕೊಟ್ಟೆ. ಹಿಟ್ಟು, ಗೋಡಂಬಿ, ಟೋಫು, ಕರೆಂಟ್ ಬಿಲ್ ಸೇರಿ ಆ ಆರು ತಿಂಗಳಲ್ಲಿ ಹೆಚ್ಚುಕಡಿಮೆ ಏಳು ಸಾವಿರ ಕೈಬಿಟ್ಟಿತು. ಮನೆಯವರು ಏನೂ ಅನ್ನಲಿಲ್ಲ. ಓವನ್‌ಗೆ ಬಟ್ಟೆ ಮುಚ್ಚಿಟ್ಟರು ಅಷ್ಟೇ.

ದಾರಿ ಸಿಕ್ಕಿದ್ದು ನಮ್ಮ ಅತ್ತೆಯಿಂದ. ಧಾರವಾಡದಿಂದ ಬಂದಿದ್ದರು, ಎರಡು ದಿನ ನನ್ನ ಗುದ್ದಾಟ ನೋಡಿದರು. ಮೂರನೇ ದಿನ, "ಎಷ್ಟ ಕಡ್ಲಿಹಿಟ್ಟ ಹಾಳ ಮಾಡ್ತೀ ಅವಾ? ವಡಿ ಮಾಡೂಮುಂದ ಹಸೀದ ಹಾಕ್ತೀ ಏನ? ಮದ್ಲ ಬೇಸಬಾರ್ದ?" ಅಂದರು. ಝುಣಕ ಅಂದರೆ ಒಗ್ಗರಣೆಯಲ್ಲಿ ಬೇಯಿಸಿದ ಕಡಲೆಹಿಟ್ಟು, ಅದನ್ನು ಆರಿಸಿ ಕೊಯ್ದ ತುಂಡೇ ವಡಿ. ಝುಣಕದ ವಡಿ ಹುಟ್ಟಿದಾಗಿನಿಂದ ತಿಂದಿದ್ದೇನೆ, ಸಾವಿರ ಸಲ ತಾಟಿನಲ್ಲಿ ಸುರಿದು ಕೊಯ್ದಿದ್ದೇನೆ. ಟಾರ್ಟ್ ಅಂದ ಕೂಡಲೇ ಅದೆಲ್ಲ ಮರೆತು ಮೊಟ್ಟೆಯ ಹಿಂದೆ ಓಡುತ್ತಿದ್ದೆ.

ಒಂದು ಬಟ್ಟಲು ಕಡಲೆಹಿಟ್ಟಿಗೆ ಎರಡೂವರೆ ಬಟ್ಟಲು ನೀರು. ವಡಿಗಿಂತ ನೀರು ಹೆಚ್ಚು, ಏಕೆಂದರೆ ಇದು ಬಾಯಲ್ಲಿ ಮೆತ್ತಗಿರಬೇಕು. ಒಗ್ಗರಣೆಗೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿ. ಅದು ಬಾಡಿದ ಮೇಲೆ ಎರಡು ಹಿಡಿ ಸಬ್ಬಸಗಿ ಸೊಪ್ಪು. ಕದಡಿದ ಹಿಟ್ಟು ಹೊಯ್ದು ಕೈಬಿಡದೆ ತಿರುವಬೇಕು. ಹತ್ತು ಹನ್ನೆರಡು ನಿಮಿಷಕ್ಕೆ ಮೇಲೆ ಹೊಳಪು ಬರುತ್ತದೆ, ಬಾಣಲೆಯ ಅಂಚು ಬಿಡುತ್ತದೆ. ಆಗಲೇ ಶೆಲ್‌ಗೆ ಸುರಿದುಬಿಡಬೇಕು. ಫೋನ್ ಬಂತು ಅಂತ ಹೋದಿರೋ, ಬಾಣಲೆಯಲ್ಲೇ ವಡಿ. ಹುಳಿಗೆ ನಾನೊಂದು ಹಾಕುತ್ತೇನೆ, ನಿಂಬೆಯಲ್ಲ, ಆಮಸೋಲವೂ (ಒಣ ಪುನರ್ಪುಳಿ) ಅಲ್ಲ. ಅದೊಂದು ನನ್ನಲ್ಲೇ ಇರಲಿ. ಮೊಟ್ಟೆಯ ವಾಸನೆ ಬೇಕು ಅನ್ನುವವರಿಗೆ ಕಾಲಾ ನಮಕ್ (ಕಪ್ಪುಪ್ಪು), ಅದೂ ಒಲೆ ಆರಿಸಿದ ಮೇಲೆ. ಮೊದಲೇ ಹಾಕಿದರೆ ಕುದಿಯುವಾಗ ವಾಸನೆ ಹಾರಿಹೋಗುತ್ತದೆ. ನಮ್ಮ ಮನೆಯಲ್ಲಿ ಯಾರಿಗೂ ಆ ವಾಸನೆ ಬೇಡ.

ಹೂರಣಕ್ಕೆ ನಮ್ಮ ಪದ್ಧತಿ ನಡೆದ ಮೇಲೆ ಶೆಲ್‌ಗೂ ಯಾಕಾಗಬಾರದು? ಗಟ್ಟಿ ಕೊಬ್ಬಿನ ಸಹವಾಸವೇ ಬಿಟ್ಟು ಕರ್ಚಿಕಾಯಿಯ ಕಣಕಕ್ಕೆ ಬಂದೆ. 160 ಗ್ರಾಂ ಮೈದಾ, 40 ಗ್ರಾಂ ಚಿರೋಟಿ ರವೆ, ಉಪ್ಪು, ಚೂರು ಅಜವಾನ. ಅದಕ್ಕೆ 60-65 ಎಂ.ಎಲ್. ಶೇಂಗಾ ಎಣ್ಣೆ ಚೆನ್ನಾಗಿ ಕಾಯಿಸಿ ಹೊಯ್ಯುವುದು. ಇಲ್ಲಿ ಮರಾಠಿಯವರು ಮೋಹನ್ ಅನ್ನುತ್ತಾರಲ್ಲ, ಅದೇ, ಸ್ವಲ್ಪ ಧಾರಾಳ ಕೈಯಿಂದ. ಹಿಟ್ಟು ತಿಕ್ಕಿ ಮುಟಿಗೆಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ಒತ್ತಿದರೆ ಉದುರಬೇಕು. ನೀರು ನಾಲ್ಕೈದು ಚಮಚ, ಹೆಚ್ಚು ಬೇಡ. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ. ಲಟ್ಟಣಿಗೆಗೆ ಒಡೆಯುತ್ತದೆ, ಹಾಗಾಗಿ ಥಾಲಿಪೆಟ್ಟು ತಟ್ಟಿದ ಹಾಗೆ ಎಂಟಿಂಚಿನ ಟಿನ್‌ನಲ್ಲೇ ತಟ್ಟುತ್ತೇನೆ. ಈ ಎಣ್ಣೆ ಮೊದಲೇ ದ್ರವ, ಓವನ್‌ನಲ್ಲಿ ಹೊಸದಾಗಿ ಕರಗಲು ಏನೂ ಇಲ್ಲ, ಅಂಚು ನಿಂತಲ್ಲೇ ನಿಲ್ಲುತ್ತದೆ. ಬೆಣ್ಣೆಯ ಪದರ ಬರುವುದಿಲ್ಲ, ಒಪ್ಪುತ್ತೇನೆ. ಗರಿಗರಿ ಮಾತ್ರ ಬೆಣ್ಣೆಯದಕ್ಕಿಂತ ಒಂದು ಕೈ ಮೇಲು.

180 ಡಿಗ್ರಿಗೆ, ಖಾಲಿ ಶೆಲ್ ಉಬ್ಬದಿರಲು ಮೇಲೆ ಹಳೇ ಕಾಬೂಲಿ ಕಡಲೆ ಹೇರಿ 18 ನಿಮಿಷ, ಅದನ್ನು ತೆಗೆದು ಇನ್ನೊಂದು ಏಳೆಂಟು. ಗೆಣ್ಣಿನಿಂದ ತಟ್ಟಿದರೆ ಟಕ್ ಅನ್ನಬೇಕು. ತಳ ನೆನೆಯದಿರಲು ಒಳಗೆಲ್ಲ ಕಡಲೆಹಿಟ್ಟಿನ ತೆಳು ಗೊಜ್ಜು ಸವರಿ ಮತ್ತೆ ನಾಲ್ಕು ನಿಮಿಷ ಒಳಗಿಡುತ್ತೇನೆ. ಆ ಗೊಜ್ಜಿನಲ್ಲಿ ಇನ್ನೂ ಒಂದು ಇದೆ, ಬೇಕರಿಯವರಿಗೂ ಹೇಳಿಲ್ಲ. ಹೂರಣ ಸುರಿದ ಮೇಲೆ 20 ನಿಮಿಷ, ಮೇಲೆ ಬಣ್ಣ ಬಂದರೆ ಸಾಕು. ಒಂದು ಗಂಟೆ ಆರದೆ ಚಾಕು ಮುಟ್ಟಿಸಬೇಡಿ.

ನಡುವೆ ಮಾಡಿದ ಹುಚ್ಚಾಟಗಳೂ ಇವೆ. ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಬೀಟರ್‌ನಲ್ಲಿ ಹೊಡೆದರೆ ಮೊಟ್ಟೆಯ ಬಿಳಿಯಂತೆ ನೊರೆ ಬರುತ್ತದೆ. ಅದನ್ನು ಹೂರಣಕ್ಕೆ ಬೆರೆಸಿದೆ, ಓವನ್‌ನಲ್ಲಿ ಉಬ್ಬಿತು, ತೆಗೆದ ಕೂಡಲೇ ಕುಸಿಯಿತು. ಮಾಟುಂಗಾ ಮಾರ್ಕೆಟ್‌ನಿಂದ ಮಂಗಳೂರು ಸೌತೆ ತಂದು ಹಾಕಿದ್ದು ಶುದ್ಧ ತಪ್ಪು, ಬರೀ ನೀರು. ಪತ್ರೊಡೆಯ ಬಿಲ್ಲೆ ಜೋಡಿಸಿ ಮೇಲೆ ಝುಣಕ ಹೊಯ್ದದ್ದು ಮಾತ್ರ ಭರ್ಜರಿ, ಶ್ರಾವಣದಲ್ಲಿ ಅದಕ್ಕೇ ಕೇಳಿಕೆ ಹೆಚ್ಚು. ಕಟ್ಟಡದ ಜೈನರಿಗೆ ಈರುಳ್ಳಿ, ಬೆಳ್ಳುಳ್ಳಿ ಬಿಟ್ಟು ಎಲೆಕೋಸು ಹಾಕುತ್ತೇನೆ, ಇಂಗು ಸ್ವಲ್ಪ ಹೆಚ್ಚು.

ಈಗ ಒಂದು ಟಾರ್ಟಿಗೆ ಸಾಮಾನು, ಕರೆಂಟು, ಡಬ್ಬಿ ಎಲ್ಲ ಸೇರಿ 120-130 ಬೀಳುತ್ತದೆ, 500ಕ್ಕೆ ಕೊಡುತ್ತೇನೆ. ತಿಂಗಳಿಗೆ ಇಪ್ಪತ್ತು ಇಪ್ಪತ್ತೈದು ಹೋಗುತ್ತವೆ. ಕಳೆದ ಏಳು ಸಾವಿರ ಮೂರೇ ತಿಂಗಳಲ್ಲಿ ವಸೂಲಾಯಿತು. ದಾದರ್‌ನವರೆಗೆ ನಾನೇ ಲೋಕಲ್ ರೈಲಿನಲ್ಲಿ ಒಯ್ಯುತ್ತೇನೆ, ಹನ್ನೊಂದರ ಮೇಲೆ, ಸ್ಲೋ ಗಾಡಿಯಲ್ಲಿ. ಒಮ್ಮೆ ಎಂಟೂವರೆಯ ನೂಕುನುಗ್ಗಲಿನ ಫಾಸ್ಟ್‌ಗೆ ಹತ್ತಿದ್ದೆ. ಠಾಣೆ ಬರುವ ಹೊತ್ತಿಗೆ ಆರು ಟಾರ್ಟ್ ಪುಡಿ, ಡಬ್ಬಿ ಬಿಚ್ಚಿ ಲೇಡೀಸ್ ಡಬ್ಬದಲ್ಲೇ ಹಂಚಿಬಿಟ್ಟೆ. ಅದರಲ್ಲೊಬ್ಬರು ಈಗಲೂ ತಿಂಗಳಿಗೆ ಎರಡು ತರಿಸಿಕೊಳ್ಳುತ್ತಾರೆ.

ಬೇಕರಿಯವರಿಗೆ ಬರೀ ಶೆಲ್, ಸಣ್ಣದು, ಒಂದಕ್ಕೆ 18 ರೂಪಾಯಿ. ಹದಿನೈದಕ್ಕೆ ಕೊಡಿ ಅಕ್ಕ ಅಂದರು. "ಬಿಸ್ಕೀಟಾದರೆ ಹದಿನೈದು, ಟಾರ್ಟಿಗೆ ಹದಿನೆಂಟು" ಅಂದೆ. ಸುಮ್ಮನೆ ಎಣಿಸಿ ಕೊಟ್ಟರು.