ಪಂಜಿನ ಲೆಕ್ಕ ಇಟ್ಟು ಡಂಜನ್ ಆಡಿಸುವುದು: ನನ್ನ ಅನುಭವ

ಒಂದು ಪಂಜು ಆರು ಟರ್ನ್ ಉರಿಯುತ್ತದೆ. ಒಂದು ಟರ್ನ್ ಅಂದರೆ ಆಟದ ಲೋಕದಲ್ಲಿ ಹತ್ತು ನಿಮಿಷ. ಎರಡು ಟರ್ನ್ ಕಳೆದಾಗಲೆಲ್ಲ ಆಟ ನಡೆಸುವವರು ಆರು ಮುಖದ ಡೈಸ್ ಉರುಳಿಸುತ್ತಾರೆ. 1 ಬಿದ್ದರೆ ಕತ್ತಲಲ್ಲಿ ಅಲೆಯುತ್ತಿದ್ದ ಏನೋ ಒಂದು ಎದುರಾಗುತ್ತದೆ. ಹಳೆ ಶೈಲಿಯ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಯಾಕೆ ಇಷ್ಟ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಲೆಕ್ಕವನ್ನೇ. ಕತ್ತಿ, ಮಂತ್ರ, ಡ್ರ್ಯಾಗನ್ ಎಲ್ಲ ಆಮೇಲೆ.

ಈ ಆಟ ನೋಡಿಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ರೆಫರಿ, ಅಂದರೆ ಆಟ ನಡೆಸುವವರು. ಉಳಿದವರಿಗೆ ಒಂದೊಂದು ಪಾತ್ರ: ಯೋಧ, ಕಳ್ಳ, ಮಾಂತ್ರಿಕ, ಹೀಗೆ. ಈ ಪಾತ್ರಗಳು ನಿಧಿ ಹುಡುಕಿಕೊಂಡು ಡಂಜನ್‌ಗೆ, ಅಂದರೆ ರಾಕ್ಷಸರಿರುವ ಕತ್ತಲ ನೆಲಮಾಳಿಗೆಗೆ ಇಳಿಯುತ್ತವೆ. ಬೋರ್ಡ್ ಬೇಕಾಗಿಲ್ಲ. ಪಾತ್ರಗಳಿಗೆ ಕಣ್ಣಿಗೆ ಬಿದ್ದದ್ದನ್ನು, ಕಿವಿಗೆ ಕೇಳಿದ್ದನ್ನು ರೆಫರಿ ಹೇಳುತ್ತಾರೆ. ತಾವೇನು ಮಾಡುತ್ತೇವೆ ಅಂತ ಆಟಗಾರರು ಹೇಳುತ್ತಾರೆ. ಮುಂದೇನಾಗುತ್ತದೋ ಖಚಿತವಿಲ್ಲದಾಗ ಡೈಸ್ ಉರುಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು 1974ರಲ್ಲಿ ಇದನ್ನು ಮೂರು ಪುಟ್ಟ ಪುಸ್ತಕಗಳಾಗಿ ಒಂದು ಪೆಟ್ಟಿಗೆಯಲ್ಲಿಟ್ಟು ಪ್ರಕಟಿಸಿದರು. ಇಬ್ಬರೂ ಯುದ್ಧದ ಆಟಗಳನ್ನು, ಅಂದರೆ ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಆಡುವ ಆಟಗಳನ್ನು ಆಡುತ್ತಿದ್ದವರು. ಇಡೀ ಪಡೆಯ ಬದಲು ಒಬ್ಬನೇ ವ್ಯಕ್ತಿಯನ್ನು ಆಡಿಸಿದರೆ ಹೇಗೆ ಅನ್ನುವಲ್ಲಿಂದ ಈ ಆಟ ಬೆಳೆಯಿತು.

ನಾನು ಆಡಿಸುವುದು 1981ರ ಆವೃತ್ತಿಯನ್ನು. ಟಾಮ್ ಮೋಲ್ಡ್‌ವೇ ಸಂಪಾದಿಸಿದ ಬೇಸಿಕ್ ಪುಸ್ತಕ ಬರೀ 64 ಪುಟ. ಪಾತ್ರ ಮಾಡುವುದು, ಮಂತ್ರ, ರಾಕ್ಷಸರು, ನಿಧಿ, ನೆಲಮಾಳಿಗೆ ಕಟ್ಟುವ ವಿಧಾನ ಎಲ್ಲವೂ ಅಷ್ಟರೊಳಗೆ ಸಿಗುತ್ತದೆ. ಇಷ್ಟು ಚೊಕ್ಕವಾದ ನಿಯಮದ ಪುಸ್ತಕವನ್ನು ನಾನು ಬೇರೆ ಕಂಡಿಲ್ಲ. ಹಳೆ ಪ್ರತಿಯೇ ಬೇಕು ಅಂತ ಹುಡುಕಿಕೊಂಡು ಹೋಗಬೇಕಾಗಿಲ್ಲ. 2000ದಲ್ಲಿ ಆಟದ ಆಗಿನ ಹೊಸ ಆವೃತ್ತಿಯ ಮುಖ್ಯ ನಿಯಮಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟ ಮೇಲೆ, ಹವ್ಯಾಸಿಗಳು ಅದನ್ನೇ ಆಧಾರ ಮಾಡಿಕೊಂಡು ಹಳೆ ಆವೃತ್ತಿಗಳನ್ನು ಹೊಸದಾಗಿ ಬರೆಯತೊಡಗಿದರು. 2006ರಲ್ಲಿ ಓಸ್ರಿಕ್ ಬಂತು, 2007ರಲ್ಲಿ ಲ್ಯಾಬಿರಿಂತ್ ಲಾರ್ಡ್, 2008ರಲ್ಲಿ ಸ್ವೋರ್ಡ್ಸ್ ಅಂಡ್ ವಿಝರ್ಡ್ರಿ. 2019ರ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್ ಅಂತೂ 1981ರ ನಿಯಮಗಳನ್ನೇ ಅಚ್ಚುಕಟ್ಟಾಗಿ ಜೋಡಿಸಿ ಕೊಟ್ಟಿದೆ. ಮೇಜಿನ ಮೇಲೆ ನಾನು ತೆರೆದಿಡುವುದು ಅದನ್ನೇ. ಬೇಸಿಕ್ ಫ್ಯಾಂಟಸಿ ಎಂಬ ಇನ್ನೊಂದನ್ನು ಉಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳಬಹುದು. ಹೊಸಬರಿಗೆ ಅದು ಧಾರಾಳವಾಗಿ ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಮಯದ ಲೆಕ್ಕ.

ಆಟ ಶುರುವಾಗುವ ಮುಂಚೆ ಒಂದು ಹಾಳೆಯಲ್ಲಿ ಸಾಲಾಗಿ ಮನೆಗಳನ್ನು ಗೀಚುತ್ತೇನೆ. ಒಂದು ಮನೆಗೆ ಒಂದು ಟರ್ನ್. ಆರನೇ ಮನೆಗಳಿಗೆಲ್ಲ ಬಣ್ಣ ಹಚ್ಚುತ್ತೇನೆ, ಪಂಜು ಮುಗಿಯುವುದು ಅಲ್ಲಿ. ಎರಡು ಮನೆಗೊಂದು ಚುಕ್ಕಿ, ಅಲ್ಲಿ ಡೈಸ್. ಈ ಹಾಳೆಯನ್ನು ನನ್ನ ಪರದೆಯ ಹಿಂದೆ ಬಚ್ಚಿಡುವುದಿಲ್ಲ. ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ಇಡುತ್ತೇನೆ. ಡೈಸ್ ಕೂಡ ಎಲ್ಲರ ಎದುರೇ ಉರುಳುತ್ತದೆ. ಇದೊಂದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಆಟಗಾರರು ಮಾತಾಡುವ ರೀತಿಯೇ ಇದರಿಂದ ಬದಲಾಗುತ್ತದೆ. "ಈ ಕೋಣೆನ ಪೂರ್ತಿ ಹುಡುಕೋಣ" ಅನ್ನುವ ಮುಂಚೆ ಒಬ್ಬರು ಹಾಳೆಯ ಕಡೆ ನೋಡುತ್ತಾರೆ. ಹುಡುಕಿದರೆ ಒಂದು ಟರ್ನ್. ಮುಂದೆಯೇ ಚುಕ್ಕಿ ಇದೆ. ಬೇಕಾ, ಬೇಡವಾ? ಅಲ್ಲಿ ನಡೆಯುವ ಚರ್ಚೆಯೇ ಆಟ.

ಲೆಕ್ಕ ಬಿಡಿಸಿ ನೋಡಿ. ಒಂದು ಪಂಜು ಉರಿದು ಮುಗಿಯುವಷ್ಟರಲ್ಲಿ ಮೂರು ಸಲ ಡೈಸ್ ಉರುಳುತ್ತದೆ. ಮೂರರಲ್ಲಿ ಒಮ್ಮೆಯಾದರೂ 1 ಬೀಳುವ ಸಾಧ್ಯತೆ ಶೇಕಡಾ 42ರಷ್ಟು. ಅದರ ಜೊತೆಗೆ ಆರು ಟರ್ನಿನಲ್ಲಿ ಒಂದನ್ನು ಸುಮ್ನೆ ಕೂತು ದಣಿವಾರಿಸಿಕೊಳ್ಳಲು ಕೊಡಬೇಕು. ಉಳಿಯುವುದು ಐದು. ಇನ್ನು ಹೊರೆ. ಏನೂ ಹೊರದೆ ನಡೆಯುವವರು ಒಂದು ಟರ್ನಿಗೆ 120 ಅಡಿ ನೋಡಿಕೊಂಡು ಸಾಗಬಹುದು. ಲೋಹದ ಕವಚ ತೊಟ್ಟವರು 60 ಅಡಿ. ಕವಚದ ಮೇಲೆ ನಿಧಿಯ ಮೂಟೆಯೂ ಇದ್ದರೆ 30 ಅಡಿ. ಅಂದರೆ ಗಟ್ಟಿ ಕವಚ ತೊಟ್ಟವನು ಪೆಟ್ಟಿನಿಂದ ಉಳಿಯುತ್ತಾನೆ, ಆದರೆ ಅದೇ ದಾರಿಗೆ ಜಾಸ್ತಿ ಪಂಜು ಸುಡುತ್ತಾನೆ, ಜಾಸ್ತಿ ಸಲ ಡೈಸ್ ಎದುರಿಸುತ್ತಾನೆ. ಬೆಳಕು, ಹೊರೆ, ಸಮಯ, ಅಪಾಯ ಈ ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಎಳೆದರೆ ಮೂರೂ ಅಲುಗುತ್ತವೆ. "ಪಂಜಿನ ಲೆಕ್ಕ ಬೋರು, ಬಿಟ್ಟುಬಿಡೋಣ" ಅನ್ನುವವರು ಬಹಳ ಇದ್ದಾರೆ. ಅದನ್ನು ಬಿಟ್ಟರೆ ಈ ಹೆಣಿಗೆಯೇ ಬಿಚ್ಚಿಹೋಗುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದು ಏನೇನು ಹುಟ್ಟಿಸುತ್ತದೆ ಅನ್ನುವುದಕ್ಕೆ ನಮ್ಮ ಮೇಜಿನ ಒಂದು ಘಟನೆ ಹೇಳಬೇಕು. ತಂಡದಲ್ಲಿದ್ದವರೆಲ್ಲ ಮನುಷ್ಯರು, ಕತ್ತಲಲ್ಲಿ ಕಣ್ಣು ಕಾಣುವ ಎಲ್ಫ್ ಆಗಲಿ ಡ್ವಾರ್ಫ್ ಆಗಲಿ ಯಾರೂ ಇರಲಿಲ್ಲ. ಕೊನೆಯ ಪಂಜಿನಲ್ಲಿ ಎರಡು ಮನೆ ಬಾಕಿ. ಹೊರಗೆ ಹೋಗುವ ದಾರಿ ದೂರ. ಚುಕ್ಕಿಯ ಮೇಲೆ ಡೈಸ್ ಉರುಳಿಸಿದೆ, 1 ಬಿತ್ತು. ಬಂದದ್ದು ಬೆಂಕಿ ಜೀರುಂಡೆಗಳು, ಎರಡೂವರೆ ಅಡಿ ಉದ್ದದವು. ಹೊಡೆದಾಟ ಮುಗಿದಾಗ ಮಾಂತ್ರಿಕ ಬಿದ್ದಿದ್ದ, ಜೀರುಂಡೆಗಳೂ ಸತ್ತಿದ್ದವು. ಕಳ್ಳನ ಪಾತ್ರ ಆಡುತ್ತಿದ್ದ ಗೆಳತಿ ಕೇಳಿದಳು, "ಇವು ಹೊಳೀತಿದ್ವು ಅಂದ್ಯಲ್ಲ, ಸತ್ತ ಮೇಲೂ ಹೊಳೀತಾ ಇದ್ಯಾ?" ಪುಸ್ತಕದಲ್ಲಿ ಅದಕ್ಕೆ ಸ್ಪಷ್ಟ ಉತ್ತರವಿದೆ. ಒಂದೊಂದು ಜೀರುಂಡೆಗೂ ಹೊಳೆಯುವ ಮೂರು ಗ್ರಂಥಿಗಳಿರುತ್ತವೆ. ಕಿತ್ತ ಮೇಲೂ ಅವು ಒಂದರಿಂದ ಆರು ದಿನ ಬೆಳಗುತ್ತವೆ. ಆಕೆ ಚಾಕು ತೆಗೆದಳು. ಎಲ್ಲ ಗ್ರಂಥಿಗಳನ್ನೂ ಕೊಯ್ದು ಚೀಲದ ಬಟ್ಟೆಯಲ್ಲಿ ಸುತ್ತಿ ಉದ್ದನೆ ಕೋಲಿನ ತುದಿಗೆ ಕಟ್ಟಿದರು. ಬೆಳಕು ಬರೀ ಹತ್ತು ಅಡಿ. ಆದರೂ ಬೆಳಕೇ ತಾನೆ! ಮೇಜಿನ ಸುತ್ತ ಎದ್ದ ಆ ಕೂಗು ನನಗೆ ಇನ್ನೂ ಕಿವಿಯಲ್ಲಿದೆ. ಪಂಜು ಬೇಕಾದಷ್ಟಿದ್ದರೆ ಸತ್ತ ಜೀರುಂಡೆಯ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಅದೇ ಮಸುಕು ಬೆಳಕಿನಲ್ಲಿ ಹೋಗುವಾಗ ಗಾಬ್ಲಿನ್‌ಗಳು, ಅಂದರೆ ಕುಳ್ಳ ರಾಕ್ಷಸ ಜೀವಿಗಳು, ಎದುರಾದವು. ಇಲ್ಲಿ ನನಗೆ ಎರಡನೆಯದಾಗಿ ಪ್ರಿಯವಾದ ನಿಯಮ ಬರುತ್ತದೆ. ರಾಕ್ಷಸರು ಕಂಡ ಕೂಡಲೇ ಮೇಲೆ ಬೀಳುತ್ತಾರೆ ಅಂತ ಇಲ್ಲಿ ಇಲ್ಲ. ಎರಡು ಆರು ಮುಖದ ಡೈಸ್ ಉರುಳಿಸಿ ಅವರ ಮನಸ್ಸು ಹೇಗಿದೆ ನೋಡಬೇಕು. 2 ಬಿದ್ದರೆ ತಕ್ಷಣ ದಾಳಿ. 3ರಿಂದ 5 ಬಿದ್ದರೆ ಹಗೆತನ. 6ರಿಂದ 8 ಬಿದ್ದರೆ ಅನುಮಾನ, ಏನು ಮಾಡುವುದೋ ತಿಳಿಯದ ಸ್ಥಿತಿ. 9ರಿಂದ 11ಕ್ಕೆ ಹೊಡೆದಾಟ ಇಲ್ಲ, ಮಾತಿಗೆ ಅವಕಾಶ ಉಂಟು. 12 ಬಿದ್ದರೆ ಸ್ನೇಹ. ನನಗೆ ಬಿದ್ದದ್ದು 9. ಈ ಗಾಬ್ಲಿನ್‌ಗಳ ಬಾವಿಯ ಕೋಣೆಯನ್ನು ದೊಡ್ಡ ಜೇಡವೊಂದು ಹಿಡಿದುಕೊಂಡಿದೆ ಅಂತ ನನ್ನ ಟಿಪ್ಪಣಿಯಲ್ಲಿ ಮೊದಲೇ ಇತ್ತು. ಮಾತು ಶುರುವಾಯಿತು. ಜೇಡ ಕೊಲ್ಲುತ್ತೇವೆ, ಹೊರಗಿನ ದಾರಿ ತೋರಿಸಿ ಅಂತ ಇವರು. ಮೊದಲು ಜೇಡ, ಆಮೇಲೆ ದಾರಿ ಅಂತ ಅವು. ಆವತ್ತಿನ ಉಳಿದ ಹೊತ್ತೆಲ್ಲ ಆ ಚೌಕಾಸಿ, ಆಮೇಲೆ ಜೇಡ. ಇದ್ಯಾವುದನ್ನೂ ನಾನು ಕಥೆಯಾಗಿ ಬರೆದುಕೊಂಡು ಬಂದಿರಲಿಲ್ಲ. ಒಂದು ಪಂಜು ಕಡಿಮೆ ಇತ್ತು, ಒಂದು ಡೈಸ್ 1 ತೋರಿಸಿತು, ಇನ್ನೆರಡು ಸೇರಿ 9 ತೋರಿಸಿದವು. ಅಷ್ಟೇ.

ಹೊಡೆದಾಟಕ್ಕೇ ಇಳಿದರೂ ಕೊನೆಯವನು ಸಾಯುವವರೆಗೆ ನಡೆಯಬೇಕಾಗಿಲ್ಲ. ಪ್ರತಿ ರಾಕ್ಷಸನಿಗೂ ಧೈರ್ಯದ ಒಂದು ಅಂಕಿ ಇದೆ. ಗಾಬ್ಲಿನ್‌ಗಳದ್ದು 7. ಅವರ ಕಡೆ ಮೊದಲ ಸಾವು ಆದಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ ಎರಡು ಡೈಸ್ ಉರುಳಿಸಬೇಕು. ಮೊತ್ತ 7ನ್ನು ದಾಟಿದರೆ ಓಟ ಅಥವಾ ಶರಣಾಗತಿ. ಶರಣಾದವರನ್ನು ಏನು ಮಾಡುವುದು? ನಮ್ಮ ಮೇಜಿನಲ್ಲಿ ಅತಿ ಬಿಸಿಯಾದ ವಾದಗಳು ಎದ್ದದ್ದು ಈ ಪ್ರಶ್ನೆಗೇ.

ಪಾತ್ರ ಮಾಡುವ ಕೆಲಸವನ್ನು ನಾವು ಬೇಗ ಮುಗಿಸುತ್ತೇವೆ. ಶಕ್ತಿ, ಬುದ್ಧಿಯಂಥ ಆರು ಗುಣ, ಒಂದೊಂದಕ್ಕೂ ಮೂರು ಡೈಸ್, ಬಿದ್ದ ಕ್ರಮದಲ್ಲೇ ಬರೆದುಕೊಳ್ಳುವುದು. ಮೊದಲ ಮಟ್ಟದ ಮಾಂತ್ರಿಕನಿಗೆ ನಾಲ್ಕು ಮುಖದ ಡೈಸಿನಲ್ಲಿ ಬಿದ್ದಷ್ಟೇ ಜೀವ, ದಿನಕ್ಕೆ ಒಂದೇ ಮಂತ್ರ. ಸಾವು ಹತ್ತಿರವೇ ಇರುತ್ತದೆ. ಸತ್ತರೆ ಹೊಸ ಪಾತ್ರ ಹತ್ತು ನಿಮಿಷದಲ್ಲಿ ತಯಾರು.

ಇಷ್ಟು ಮೆದು ಪಾತ್ರಗಳು ಹೇಗೆ ಬದುಕುತ್ತವೆ? ಹೊಡೆದಾಡದೆ. ಅನುಭವದ ಅಂಕ, ಅಂದರೆ ಎಕ್ಸ್‌ಪಿ, ಬರುವುದು ಮುಖ್ಯವಾಗಿ ಚಿನ್ನದಿಂದ. ಹೊರಗೆ ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದು ಅಂಕ. ಗಾಬ್ಲಿನ್ ಒಂದನ್ನು ಕೊಂದರೆ ಸಿಗುವುದು ಬರೀ 5. ಯೋಧ ಎರಡನೇ ಮಟ್ಟಕ್ಕೆ ಏರಲು 2000 ಬೇಕು. ಕೊಂದೇ ಏರುತ್ತೇನೆ ಅಂತ ಹೊರಟವನ ಗತಿ ಏನು ಅಂತ ನೀವೇ ಲೆಕ್ಕ ಹಾಕಿ. ಅದಕ್ಕೇ ಆಟಗಾರರು ಕಾವಲುಗಾರನಿಗೆ ಲಂಚ ಕೊಡುತ್ತಾರೆ, ಸುಳ್ಳು ಹೇಳುತ್ತಾರೆ, ಹಿಂಬಾಗಿಲು ಹುಡುಕುತ್ತಾರೆ. ಚಿನ್ನದ ಆಸೆ ಒಳಗೆ ಎಳೆಯುತ್ತದೆ, ಪಂಜಿನ ಲೆಕ್ಕ ಹೊರಗೆ ತಳ್ಳುತ್ತದೆ. ಈ ಎಳೆದಾಟಕ್ಕೆ ನಾನು ಮರುಳಾಗಿದ್ದೇನೆ.

ಹೊಸ ಆವೃತ್ತಿಗಳನ್ನು ಆಡಿ ಬಂದ ಗೆಳೆಯನೊಬ್ಬ ನಮ್ಮ ಜೊತೆ ಕೂತಾಗ ಕೇಳಿದ, "ಹುಡುಕೋಕೆ ಯಾವ ಡೈಸ್ ಉರುಳಿಸ್ಲಿ?"

"ಮೊದ್ಲು ಎಲ್ಲಿ ಹುಡುಕ್ತೀಯ, ಹೇಗೆ ಹುಡುಕ್ತೀಯ ಹೇಳು," ಅಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿ, ಮಂಚದ ಕಾಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತೇನೆ ಅಂದ. ಒಂದು ಕಾಲು ಟೊಳ್ಳು ಅಂತ ನನ್ನ ನಕ್ಷೆಯ ಟಿಪ್ಪಣಿ ಹೇಳುತ್ತಿತ್ತು. ಹಾಗಾದ ಮೇಲೆ ಡೈಸ್ ಯಾಕೆ? ಸಿಕ್ಕಿತು. ಕುರುಡಾಗಿ ಇಡೀ ಗೋಡೆ ತಡಕಿ ಗುಪ್ತ ಬಾಗಿಲು ಹುಡುಕುವಾಗ ಮಾತ್ರ ಆರರಲ್ಲಿ ಒಂದರ ಅವಕಾಶ, ಎಲ್ಫ್ ಆದರೆ ಎರಡರ ಅವಕಾಶ. ಇದು ಸರಿಯಾಗಿ ನಡೆಯಬೇಕಾದರೆ ರೆಫರಿ ಜಿಪುಣನಾಗಬಾರದು. ಕೋಣೆಯಲ್ಲಿ ಕಣ್ಣಿಗೆ ಕಾಣುವುದನ್ನೆಲ್ಲ ಹೇಳಬೇಕು. ನೆಲದ ಕಲ್ಲು ಒಂದು ಕಡೆ ಸವೆದಿದೆಯೇ, ಗಾಳಿ ಎಲ್ಲಿಂದ ಬೀಸುತ್ತಿದೆ, ಗೋಡೆಯ ಮಸಿ ಎಷ್ಟು ಎತ್ತರದಲ್ಲಿದೆ. ಕೇಳಿದರೆ ಇನ್ನೂ ಹೇಳಬೇಕು. ಸುಳಿವು ಕೊಡದೆ ಬಲೆಗೆ ಕೆಡವುವುದು ನನಗೆ ಒಪ್ಪಿಗೆಯಿಲ್ಲ. ಸುಳಿವು ನೋಡಿ, ಅದನ್ನು ಚರ್ಚಿಸಿ, ಆಮೇಲೂ ಕಾಲಿಟ್ಟರೆ ಬೀಳಲಿ.

ನಕ್ಷೆಯ ಬಗ್ಗೆಯೂ ಹೇಳಬೇಕು. ಗ್ರಾಫ್ ಶೀಟ್, ಪೆನ್ಸಿಲ್, ಒಂದು ಚೌಕಕ್ಕೆ ಹತ್ತು ಅಡಿ. ಯಾವ ಕೋಣೆಯಲ್ಲಿ ಏನಿದೆ ಅನ್ನುವುದಕ್ಕೆ ಆರು ಮುಖದ ಡೈಸೇ ಉತ್ತರ ಕೊಡುತ್ತದೆ: 1 ಅಥವಾ 2 ರಾಕ್ಷಸ, 3 ಬಲೆ, 4 ವಿಚಿತ್ರವಾದದ್ದೇನಾದರೂ, 5 ಅಥವಾ 6 ಖಾಲಿ. ಮೂರರಲ್ಲೊಂದು ಕೋಣೆ ಖಾಲಿ ಇರುವುದು ದಂಡ ಅಲ್ವಾ ಅಂತ ಕೇಳುತ್ತಾರೆ. ಖಾಲಿ ಕೋಣೆಯಿಂದಲೇ ಉಸಿರಾಡಲು ಜಾಗ, ಅಡಗಲು ಜಾಗ. ಅಲ್ಲೂ ಪಂಜು ಉರಿಯುತ್ತಲೇ ಇರುತ್ತದೆ ಅನ್ನುವುದು ಬೇರೆ ಮಾತು. ದಾರಿಗಳನ್ನು ಸುತ್ತು ಬರುವಂತೆ ಹಾಕುತ್ತೇನೆ. ಆಟದ ವಿನ್ಯಾಸಕಿ ಜೆನೆಲ್ ಜೇಕ್ವೇಸ್ 1979ರಲ್ಲಿ ಪ್ರಕಟವಾದ ತಮ್ಮ ಕ್ಯಾವರ್ನ್ಸ್ ಆಫ್ ಥ್ರೇಸಿಯಾ ಎಂಬ ಡಂಜನ್ ಪುಸ್ತಕದ ನಕ್ಷೆಗಳಲ್ಲಿ ಇದನ್ನು ಎಷ್ಟು ಚೆನ್ನಾಗಿ ತೋರಿಸಿಕೊಟ್ಟರು ಅಂದರೆ, ಇವತ್ತಿಗೂ ನಕ್ಷೆ ಹಾಕುವವರು ಅವರನ್ನು ನೆನೆಯುತ್ತಾರೆ. ಒಂದೇ ಜಾಗಕ್ಕೆ ಎರಡು ಮೂರು ದಾರಿ, ಮೇಲಿನಿಂದ ಕೆಳಕ್ಕೆ ಹಲವು ಇಳಿಜಾರು. ಸುತ್ತು ದಾರಿ ಇದ್ದರೆ ಮಾತ್ರ ಆಟಗಾರರ ಆಯ್ಕೆಗೆ ಬೆಲೆ ಬರುತ್ತದೆ. ಒಂದೇ ಸಾಲಿನ ಕೋಣೆಗಳಲ್ಲಿ ಯಾವ ಕಡೆ ಹೋಗೋಣ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಪುಸ್ತಕದಿಂದ ನಾನು ಬದಲಾಯಿಸಿಕೊಂಡಿರುವುದು ಒಂದೇ ಮುಖ್ಯ ಸಂಗತಿ. ಹೊರೆಯನ್ನು ನಾಣ್ಯಗಳ ತೂಕದಲ್ಲಿ ಎಣಿಸುವ ಬದಲು, ಪ್ರತಿ ಪಾತ್ರದ ಹಾಳೆಯಲ್ಲಿ ಸಾಮಾನಿಗೆ ಇಂತಿಷ್ಟು ಗೆರೆ ಅಂತ ಹಾಕಿಕೊಟ್ಟಿದ್ದೇನೆ. ಒಂದು ಗೆರೆಗೆ ಒಂದು ಸಾಮಾನು. ಗೆರೆ ತುಂಬಿದರೆ ನಡಿಗೆ ನಿಧಾನ. ಎಣಿಕೆ ಸುಲಭವಾಯಿತು, ಹೊರೆಯ ಬಿಸಿ ಹಾಗೇ ಉಳಿಯಿತು. ನಿಧಿ ಸಿಕ್ಕಾಗ ಹಗ್ಗ ಬಿಸಾಡಲೋ ಪಂಜು ಬಿಸಾಡಲೋ ಅಂತ ಪೆನ್ಸಿಲ್ ಹಿಡಿದು ಕೂತವರನ್ನು ನೋಡಲು ಖುಷಿ.

ನಮ್ಮ ತಂಡದಲ್ಲಿ ಬದುಕಿ ಉಳಿದ ಪಾತ್ರಗಳು ಈಗ ಮೂರನೇ ಮಟ್ಟ ದಾಟುವ ಹಂತದಲ್ಲಿವೆ. ಬೇಸಿಕ್ ಪುಸ್ತಕದ ವ್ಯಾಪ್ತಿ ಅಲ್ಲಿಗೆ ಮುಗಿಯುತ್ತದೆ. ನಾಲ್ಕರಿಂದ ಹದಿನಾಲ್ಕನೇ ಮಟ್ಟದವರೆಗೆ ಅದರ ಜೋಡಿ ಪುಸ್ತಕ ಎಕ್ಸ್‌ಪರ್ಟ್. ಅದರಲ್ಲಿ ಆಟ ನೆಲಮಾಳಿಗೆಯಿಂದ ಕಾಡು, ಸಮುದ್ರಕ್ಕೆ ಹೊರಡುತ್ತದೆ. ಅಲ್ಲಿ ಟರ್ನ್ ಬದಲು ದಿನಗಳ ಲೆಕ್ಕ, ಪಂಜಿನ ಬದಲು ನೀರು ಬುತ್ತಿಯ ಲೆಕ್ಕ. ಷಟ್ಕೋನ ಮನೆಗಳ ಹಾಳೆ ತಂದಿಟ್ಟುಕೊಂಡು ನದಿ, ಬೆಟ್ಟ, ಒಂದು ಕಾವಲು ಕೋಟೆ ಹಾಕಿಯಾಗಿದೆ. ಗಾಬ್ಲಿನ್‌ಗಳ ಜೊತೆಗಿನ ಒಪ್ಪಂದವನ್ನು ಆಟಗಾರರು ಇನ್ನೂ ಮುರಿದಿಲ್ಲ. ಕಾಡಿನಲ್ಲಿ ದಾರಿ ತೋರಿಸಲು ಅವುಗಳಲ್ಲಿ ಒಂದನ್ನು ಕೂಲಿಗೆ ಕರೆದೊಯ್ಯಬೇಕು ಅನ್ನುವ ಮಾತು ಮೇಜಿನಲ್ಲಿ ನಡೆಯುತ್ತಿದೆ, ಯೋಧನೊಬ್ಬನಿಗೆ ಮಾತ್ರ ಅದು ಇಷ್ಟವಿಲ್ಲ.