ಬೋರ್‌ವೆಲ್ ನೀರಿನ ಕಂದು ಹಲ್ಲು, ನಾನು ಬಿಳಿ ಮಾಡ್ಸಿಕೊಂಡಿದ್ದು ಹಿಂಗೆ

ನಮ್ದು ಜಗಳೂರು ಕಡೆ ಹಳ್ಳಿ. ನಮ್ಮೋಣಿ ಹುಡುಗ್ರು ಯಾರು ನಕ್ರೂ ಮುಂದಿನ ಹಲ್ಲಲ್ಲಿ ಕಂದು ಪಟ್ಟೆ, ಸುತ್ತ ಸುಣ್ಣ ಬಳಿದಂಗೆ ಮಚ್ಚೆ, ನಂದೂ ಅದೇ. ದಾವಣಗೆರೆಗೆ ಓದೋಕೆ ಬಂದ್ಮೇಲೆ ಎಲ್ರೂ ಗುಟ್ಕಾ ಹಾಕ್ತೀಯಾ ಅಂತ್ಲೇ ಕೇಳೋರು, ನಾನು ಎಲೆಅಡಿಕೆನೂ ಮುಟ್ಟಿದೋನಲ್ಲ!

ಅದು ಕೊಳೆ ಅಲ್ಲ, ಫ್ಲೋರೋಸಿಸ್, ಅಂದ್ರೆ ನೀರಲ್ಲಿರೋ ಫ್ಲೋರೈಡ್ ಅನ್ನೋ ಲವಣ ಜಾಸ್ತಿಯಾಗಿ ಹಲ್ಲಿಗೆ ಬೀಳೋ ಕಲೆ. ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರ್ದು, ನಮ್ಕಡೆ, ಆಕಡೆ ಚಳ್ಳಕೆರೆ ಮೊಳಕಾಲ್ಮೂರು ಸೀಮೆಲೂ ಎಷ್ಟೋ ಬೋರ್‌ಗಳಲ್ಲಿ ದಾಟುತ್ತೆ. ಹಲ್ಲು ವಸಡಿನೊಳಗೆ ಬೆಳೀತಿರೋವಾಗ್ಲೇ, ಅಂದ್ರೆ ಸುಮಾರು 8 ವರ್ಷದೊಳಗೇ ಎನಾಮಲ್ (ಹಲ್ಲಿನ ಗಟ್ಟಿ ಮೇಲ್ಪದರ) ಕೆಟ್ಟಿರುತ್ತೆ, ಆಮೇಲೆ ಎಷ್ಟ್ ಉಜ್ಜಿದ್ರೂ ಅಷ್ಟೇ. ನಿಂಬೆರಸ, ಇದ್ದಿಲಪುಡಿ ಅಂತ ಹೇಳೋರ್ ಮಾತು ಕೇಳ್ಬೇಡಿ, ಸವೆದ ಎನಾಮಲ್ ಮತ್ತೆ ಬೆಳಿಯಲ್ಲ.

ದಾವಣಗೆರೆಲಿ ಡೆಂಟಲ್ ಕಾಲೇಜುಗಳೇ ಇವೆ, ಅಂಥದ್ರಲ್ಲೇ ತೋರಿಸ್ದೆ. ಮೊದ್ಲು ಕ್ಲೀನಿಂಗ್ ಮಾಡಿದ್ರು, ಟೀ ಕಲೆ ಪಾಚಿ ಎಲ್ಲಾ ಹೋಯ್ತು, ಉಳಿದಿದ್ದೇ ಅಸಲಿ ಕಲೆ. ಅದಕ್ಕೆ ಮೈಕ್ರೋಅಬ್ರೇಷನ್: ವಸಡಿಗೆ ತಾಗದಂಗೆ ರಬ್ಬರ್ ಹಾಳೆ ಕಟ್ಟಿ, ಹೈಡ್ರೋಕ್ಲೋರಿಕ್ ಆಸಿಡ್ ಇರೋ ಮರಳು ಮರಳು ಪೇಸ್ಟ್ ಹಚ್ಚಿ ನಿಧಾನಕ್ಕೆ ತಿಕ್ಕೋದು, ತೊಳೆಯೋದು, ನೋಡೋದು, ಮತ್ತೆ ತಿಕ್ಕೋದು. ನೋವೇನಿಲ್ಲ, ಬಾಯಿ ತೆರ್ಕೊಂಡೇ ಕೂತು ದವಡೆ ಹಿಡ್ಕೊಂಡಿದ್ದೇ ಕಷ್ಟ. ಇದನ್ನಂತೂ ಮನೇಲಿ ಟ್ರೈ ಮಾಡೋ ಹಾಗೇ ಇಲ್ಲ.

ಕಂದು ಬಣ್ಣ ತಿಳಿಯಾದ್ಮೇಲೆ ಬ್ಲೀಚಿಂಗ್, ಇದು ಮನೇಲಿ ನಾನೇ ಮಾಡ್ಕೊಂಡಿದ್ದು. ನನ್ನ ಹಲ್ಲಿನ ಅಚ್ಚು ತಗೊಂಡು ತೆಳ್ಳಗಿನ ಪ್ಲಾಸ್ಟಿಕ್ ಟ್ರೇ ಮಾಡ್ಕೊಟ್ರು, ಅದ್ರೊಳಗೆ ಒಂದೊಂದ್ ಹಲ್ಲಿನ ಜಾಗಕ್ಕೂ ಅಕ್ಕಿಕಾಳಷ್ಟು 10% ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ ರಾತ್ರಿ ಹಾಕ್ಕೊಂಡು ಮಲಗೋದು, ಹೊರಗೆ ಬಂದ ಜೆಲ್ಲನ್ನ ಒರೆಸ್ಬೇಕು ಇಲ್ಲಾಂದ್ರೆ ವಸಡು ಉರಿಯುತ್ತೆ. ಶುರುನಲ್ಲಿ ಬಿಳಿ ಮಚ್ಚೆಗಳು ಇನ್ನೂ ಎದ್ದು ಕಾಣ್ತವೆ, ಗಾಬರಿ ಬೀಳ್ಬೇಡಿ, ಹಲ್ಲು ಒಣಗಿರುತ್ತಲ್ಲ ಅದಕ್ಕೆ, ಆಮೇಲೆ ತಗ್ಗುತ್ತೆ. ತಣ್ಣೀರು ಕುಡಿದ್ರೆ ಜುಮ್ ಅನ್ನೋದು, ಪೊಟ್ಯಾಸಿಯಂ ನೈಟ್ರೇಟ್ ಇರೋ ಪೇಸ್ಟ್ ಹಚ್ಚಿ ಒಂದ್ ರಾತ್ರಿ ಬಿಟ್ಟು ಒಂದ್ ರಾತ್ರಿ ಮಾಡ್ದೆ. ಟೀ ಬಿಟ್ಟೆ, ಅರಿಶಿನ ಹಾಕಿದ ಒಗ್ಗರಣೆ ಮಂಡಕ್ಕಿನೂ ಬಿಟ್ಟೆ, ಪುಣ್ಯಕ್ಕೆ ನಮ್ಮೂರ ಬೆಣ್ಣೆದೋಸೆ, ಪಲ್ಯ, ಚಟ್ನಿ ಎಲ್ಲಾ ಬೆಳ್ಳಗೇ ಇರೋದ್ರಿಂದ ಅದಕ್ಕೇನ್ ಅಡ್ಡಿ ಇರ್ಲಿಲ್ಲ ನೋಡಿ.

ಈಗ ಕಂದು ಇಲ್ಲ, ಮಚ್ಚೆ ಹತ್ರದಿಂದ ನೋಡಿದ್ರೆ ಕಾಣುತ್ತೆ, ನಂಗೆ ಸಾಕು. ವಿನೀರ್, ಅಂದ್ರೆ ಹಲ್ಲಿನ ಮುಂದೆ ಅಂಟಿಸೋ ತೆಳ್ಳಗಿನ ಹೊದಿಕೆ, ಹಾಕಿಸ್ಕೊಂಡ್ರೆ ಪೂರ್ತಿ ಮುಚ್ಚುತ್ತೆ ಅಂದ್ರು, ಗಟ್ಟಿ ಇರೋ ಹಲ್ಲನ್ನ ಯಾಕ್ ಕೆರೆಸೋದು ಅಂತ ಬೇಡಾಂದೆ. ಹಳೇ ಸಿಮೆಂಟ್, ಕ್ಯಾಪ್ ಇದ್ರೆ ಅದು ಬ್ಲೀಚ್‌ಗೆ ಬೆಳ್ಳಗಾಗಲ್ಲ, ಮೊದ್ಲೇ ಕೇಳ್ಕೊಳ್ಳಿ.

ಮನೇಲಿ ಅಣ್ಣನ ಮಗಳಿಗೆ ಈಗ ಕುಡಿಯೋಕೂ ಅಡುಗೆಗೂ ಫ್ಲೋರೈಡ್ ಸೋಸೋ ಆರ್‌ಒ ಫಿಲ್ಟರ್ ನೀರೇ. ಕಾಸಿ ಕೊಡ್ತೀವಲ್ಲ ಅಂತಾರೆ ಅವ್ವ, ಆದ್ರೆ ಕಾಸಿದ್ರೆ ನೀರು ಆವಿಯಾಗುತ್ತೆ ಹೊರತು ಫ್ಲೋರೈಡ್ ಅಲ್ಲೇ ಉಳಿಯುತ್ತೆ.