ಬೆಳಗಾವಿ ಮಳೆಯಲ್ಲಿ ಆರ್ಕಿಡ್, ಲಿಲ್ಲಿ: ನಾನು ಬೆಳೆಸುವ ರೀತಿ

ಬೆಳಗಾವಿಯಲ್ಲಿ ಆರ್ಕಿಡ್ ಬರುವುದಿಲ್ಲ, ಮಳೆಗೆ ಕೊಳೆತು ಹೋಗುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಹಾಗಾದರೆ ಇಲ್ಲೇ ಪಕ್ಕದ ಖಾನಾಪುರದ ಕಾಡಿನಲ್ಲಿ, ನಮಗಿಂತ ಜಾಸ್ತಿ ಮಳೆ ಬೀಳುವ ಕಡೆ, ಸೀತಾಳೆ ದಂಡೆ ಅನ್ನುವ ಕಾಡು ಆರ್ಕಿಡ್ ಮರದ ಮೇಲೆ ಅಷ್ಟು ಚೆನ್ನಾಗಿ ಅರಳುವುದು ಹೇಗೆ? ಅದರ ಬೇರು ಸದಾ ಗಾಳಿಯಲ್ಲಿರುತ್ತದೆ, ಅಷ್ಟೇ. (ಅದನ್ನು ಮಾತ್ರ ದಯವಿಟ್ಟು ಕಿತ್ತು ತರಬೇಡಿ. ನರ್ಸರಿ ಗಿಡ ಬೇಕಾದಷ್ಟು ಸಿಗುತ್ತವೆ.)

ಹಾಗಾಗಿ ನಾನು ಮಣ್ಣು ಹಾಕುವುದೇ ಇಲ್ಲ. ಸುತ್ತಲೂ ತೂತಿರುವ ಮಣ್ಣಿನ ಕುಂಡ, ಒಳಗೆ ಇದ್ದಿಲು ಮತ್ತು ಇಟ್ಟಂಗಿ ಚೂರು. ತೆಂಗಿನ ಸಿಪ್ಪೆ ಒಣ ಊರಿಗೆ ಒಳ್ಳೆಯದು, ನಮ್ಮ ಜುಲೈ-ಆಗಸ್ಟ್‌ನಲ್ಲಿ ಅದು ಆರುವುದೇ ಇಲ್ಲ. ಆ ಎರಡು ತಿಂಗಳು ಕುಂಡಗಳ ಮೇಲೆ ಪಾರದರ್ಶಕ ಶೀಟು ಕಟ್ಟುತ್ತೇನೆ, ನಾಲ್ಕೂ ಕಡೆ ತೆರೆದೇ ಇರುತ್ತದೆ. ಎಲೆಯಲ್ಲಿ ಕಪ್ಪು ಮೆತ್ತನೆ ಕಲೆ ಕಂಡರೆ ಬ್ಲೇಡನ್ನು ಬೆಂಕಿಗೆ ಹಿಡಿದು, ಕಲೆಯ ಜೊತೆ ಸುತ್ತಲಿನ ಸ್ವಲ್ಪ ಒಳ್ಳೆಯ ಎಲೆಯೂ ಸೇರುವ ಹಾಗೆ ಕತ್ತರಿಸಿ ದಾಲ್ಚಿನ್ನಿ ಪುಡಿ ಹಚ್ಚುತ್ತೇನೆ. ಎಲೆಗೆ ಮಾತ್ರ ಹಚ್ಚಿ, ಬೇರಿಗೆ ತಾಗಿದರೆ ಬೇರು ಒಣಗುತ್ತದೆ.

ನೀರು ಯಾವಾಗ ಕೊಡಬೇಕು ಅಂತ ಗಿಡದ ಬೇರು ತಾನೇ ಹೇಳುತ್ತದೆ. ಡೆಂಡ್ರೋಬಿಯಂ ಅನ್ನುವ ಆರ್ಕಿಡ್‌ನ ಬೇರನ್ನು ಹತ್ತಿರದಿಂದ ನೋಡಿ: ಒಣಗಿದಾಗ ಬೂದಿ ಬಳಿದ ಹಾಗೆ ಬೆಳ್ಳಗಿರುತ್ತದೆ, ನೀರು ಬಿದ್ದ ಸ್ವಲ್ಪ ಹೊತ್ತಿಗೆ ಮೇಲಿನ ಪದರ ನೀರು ಹೀರಿಕೊಂಡು ಒಳಗಿನ ಹಸಿರು ಕಾಣತೊಡಗುತ್ತದೆ. ಬಿಳಿ ಇದ್ದರೆ ನೀರು ಕೊಡಿ, ಹಸಿರಿದ್ದರೆ ಸುಮ್ನೆ ಬಿಡಿ. ಮಾರ್ಚ್‌ನಿಂದ ಮೇವರೆಗೆ ಒಣಗಾಳಿ ಬೀಸುವಾಗ ದಿನಾ ಬೆಳಿಗ್ಗೆ ಬೇಕಾಗುತ್ತದೆ, ಜೊತೆಗೆ ಅರ್ಧ ಬಿಸಿಲು ತಡೆಯುವ 50% ಶೇಡ್ ನೆಟ್. ಗೊಬ್ಬರ ವಾರಕ್ಕೊಮ್ಮೆ, 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಲೀಟರ್ ನೀರಿಗೆ ಅರ್ಧ ಗ್ರಾಂ ಸಾಕು.

ಫಲನಾಪ್ಸಿಸ್ ಅನ್ನುವ ಇನ್ನೊಂದು ಆರ್ಕಿಡ್‌ಗೆ ನಮ್ಮ ಚಳಿಗಾಲ ಹೇಳಿ ಮಾಡಿಸಿದ ಹಾಗಿದೆ. ಕೆಲವು ವಾರ ರಾತ್ರಿ 18 ಡಿಗ್ರಿ ಆಸುಪಾಸು ಇದ್ದರೆ ಅದು ಹೂವಿನ ಕಡ್ಡಿ ಬಿಡುತ್ತದೆ. ಸುಮಾರು 750 ಮೀಟರ್ ಎತ್ತರದ ಊರು ನಮ್ಮದು, ಆ ತಂಪು ಪುಕ್ಕಟೆ ಸಿಗುತ್ತದೆ.

ಲಿಲ್ಲಿ ಕಥೆ ಬೇರೆ. ಏಷ್ಯಾಟಿಕ್, ಓರಿಯೆಂಟಲ್ ಅಂತ ಮಾರುವ ಗೆಡ್ಡೆ ಮೊದಲ ವರ್ಷ ಭರ್ಜರಿ ಹೂ ಬಿಡುತ್ತದೆ, ಯಾಕೆಂದರೆ ಕೋಲ್ಡ್ ಸ್ಟೋರೇಜಿನಲ್ಲಿದ್ದು ಬಂದಿರುತ್ತದೆ. ಮುಂದಿನ ವರ್ಷವೂ ಹೂ ಬೇಕಾದರೆ 6-8 ವಾರ 2-5 ಡಿಗ್ರಿ ಚಳಿ ಬೇಕು, ಅಷ್ಟು ಚಳಿ ನಮ್ಮಲ್ಲಿ ಎಲ್ಲಿಂದ ಬರಬೇಕು? ಎಲೆ ಹಳದಿಯಾದ ಮೇಲೆ ಗೆಡ್ಡೆ ಕಿತ್ತು, ತುಸು ಹಸಿ ಕೋಕೋಪೀಟ್‌ನಲ್ಲಿಟ್ಟು (ತೆಂಗಿನ ನಾರಿನ ಪುಡಿ) ಫ್ರಿಜ್‌ನ ತರಕಾರಿ ಡಬ್ಬಿಗೆ ಹಾಕುತ್ತೇನೆ. ಸೇಬು, ಬಾಳೆಹಣ್ಣಿನ ಪಕ್ಕ ಮಾತ್ರ ಬೇಡ, ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಮೊಗ್ಗು ಒಳಗೇ ಸಾಯುತ್ತದೆ.

ಇಷ್ಟೆಲ್ಲ ಯಾಕೆ ಅನ್ನುವವರಿಗೆ ರೇನ್ ಲಿಲ್ಲಿ ಮತ್ತು ಹಿಪ್ಪಿಯಾಸ್ಟ್ರಮ್ (ಅಂಗಡಿಯಲ್ಲಿ ಅಮರಿಲ್ಲಿಸ್ ಅಂತಲೂ ಮಾರುವ ಗೆಡ್ಡೆ ಗಿಡ) ಇವೆಯಲ್ಲ, ನನಗಂತೂ ಅವೇ ಹೆಚ್ಚು ಇಷ್ಟ. ಹಿಪ್ಪಿಯಾಸ್ಟ್ರಮ್ ಗೆಡ್ಡೆಯ ಕುತ್ತಿಗೆ ಮಣ್ಣಿನ ಮೇಲಿರಲಿ, ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ. ರೇನ್ ಲಿಲ್ಲಿಗೆ ಏನೂ ಬೇಡ, ಬೇಸಿಗೆಯ ಮೊದಲ ದೊಡ್ಡ ಮಳೆಯಾದ ಕೆಲವೇ ದಿನಕ್ಕೆ ತಾನೇ ಅರಳುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಏಷ್ಯಾಟಿಕ್, ಓರಿಯೆಂಟಲ್ ತರಲೇಬೇಡಿ. ಮೈಮೇಲೆ ಬಿದ್ದ ಅದರ ಪರಾಗ ನೆಕ್ಕಿದರೂ ಬೆಕ್ಕಿನ ಕಿಡ್ನಿ ಹೋಗುತ್ತದೆ.